ಮಳೆಗಾಲಕ್ಕೆ ತೋಡು, ಬೇಸಿಗೆಗೆ ಬಿಸಿಲು: ಮನೆಯ ಕರೆಂಟು ಮನೆಯಲ್ಲೇ

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಕೃಷಿಕರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಯಾರನ್ನೇ ಕೇಳಿದರೂ ಕಳೆದ ಸಲದ ಕರೆಂಟು ಬಿಲ್ಲು ಎಷ್ಟು ರೂಪಾಯಿ ಬಂತೆಂದು ಥಟ್ಟನೆ ಹೇಳುತ್ತೀರಿ. ಎಷ್ಟು ಯೂನಿಟ್ ಎಂದು ಕೇಳಿದರೆ ಸ್ವಲ್ಪ ಯೋಚಿಸುತ್ತೀರಿ. ದಿನಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತದೆ ಎಂದರೆ ಪಕ್ಕದವರ ಮುಖ ನೋಡುತ್ತೀರಿ. ಸ್ವಂತ ಕರೆಂಟಿನ ವಿಚಾರ ಶುರುವಾಗಬೇಕಾದದ್ದು ಈ ಮೂರನೆಯ ಪ್ರಶ್ನೆಯಿಂದಲೇ. ಕೇರಳದಲ್ಲಿ ನಮಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ಅದರಲ್ಲಿ ಬರೆದಿರುವ ಯೂನಿಟ್ಟನ್ನು 60ರಿಂದ ಭಾಗಿಸಿ. 240 ಯೂನಿಟ್ ಆಗಿದ್ದರೆ ದಿನಕ್ಕೆ 4. ಆ 4 ಎಲ್ಲೆಲ್ಲಿ ಹೋಯಿತು ಎಂಬುದನ್ನು ಪತ್ತೆ ಮಾಡಿದ ಮೇಲೆಯೇ ಸೋಲಾರ್ ಅಂಗಡಿಯ ಮೆಟ್ಟಿಲು ಹತ್ತಬೇಕು.

ಪತ್ತೆ ಮಾಡುವುದು ಕಷ್ಟವಲ್ಲ. 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಎಂಟು, ದಿನಕ್ಕೆ ಐದು ಗಂಟೆ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ಹಳೆಯ ಸೀಲಿಂಗ್ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು. ಮೂರು ಫ್ಯಾನು ಎಂಟು ಗಂಟೆ ತಿರುಗಿದರೆ ಅಲ್ಲಿಗೇ 1.8 ಯೂನಿಟ್ ಹೋಯಿತು. ಅದೇ ಗಾಳಿ ಕೊಡುವ, ಕಡಿಮೆ ಕರೆಂಟಿನ ಹೊಸ ಬಗೆಯ ಮೋಟಾರಿರುವ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನಲ್ಲಿ ತಿರುಗುತ್ತದೆ. ಮಿಕ್ಸಿಗೆ 600 ವ್ಯಾಟ್ ಬೇಕಾದರೂ ಚಟ್ನಿ ಅರೆಯುವುದು ಐದು ನಿಮಿಷದ ಕೆಲಸ. ಸಣ್ಣ ಫ್ರಿಜ್ಜಿಗೆ ದಿನಕ್ಕೆ ಒಂದು ಯೂನಿಟ್ ಆಸುಪಾಸು. ಗೀಸರ್ ಮಾತ್ರ ಬೇರೆಯೇ ಜಾತಿಯದ್ದು. 2000 ವ್ಯಾಟ್, ಒಂದು ಗಂಟೆಗೆ ಎರಡು ಯೂನಿಟ್. ಮನೆಯ ಎಲ್ಲ ಫ್ಯಾನುಗಳು ರಾತ್ರಿಯಿಡೀ ತಿರುಗಿ ತಿನ್ನುವುದಕ್ಕಿಂತ ಹೆಚ್ಚನ್ನು ಅದು ಒಂದು ಗಂಟೆಯಲ್ಲಿ ತಿಂದು ಮುಗಿಸುತ್ತದೆ.

ಹಾಗಾಗಿ ನನ್ನ ಮೊದಲ ಮಾತು: ಸ್ವಂತ ಕರೆಂಟಿನ ಮನೆಯಲ್ಲಿ ಬಿಸಿ ಮಾಡುವ ಕೆಲಸವನ್ನು ಬ್ಯಾಟರಿಗೆ ಒಪ್ಪಿಸಬೇಡಿ. ಸ್ನಾನದ ನೀರಿಗೆ ಬಚ್ಚಲೊಲೆ ಇದೆ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಸೋಗೆ ಇವೆಲ್ಲ ತೋಟದಲ್ಲಿ ಬಿದ್ದಿರುತ್ತವೆ. ಹಟ್ಟಿಯಲ್ಲಿ ದನಗಳಿದ್ದರೆ ಗೋಬರ್ ಗ್ಯಾಸ್ ಇದೆ. ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ನಮ್ಮ ಕಾಸರಗೋಡು ಗಿಡ್ಡ ತಳಿಯ ಒಂದೆರಡು ದನಗಳಿಂದ ಅಷ್ಟು ಆಗುವುದಿಲ್ಲ, ಅವು ಮೈಯಲ್ಲೂ ಚಿಕ್ಕವು, ಮೇವಿನಲ್ಲೂ ಚಿಕ್ಕವು. ದನಗಳ ಸಂಖ್ಯೆಗೆ ತಕ್ಕಂತೆ ಸಣ್ಣ ಘಟಕ ಮಾಡಿದರೆ ಬೆಳಗಿನ ಚಹಾ, ತಿಂಡಿಯಷ್ಟಾದರೂ ಅದರಲ್ಲಿ ಆಗುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಬಿಟ್ಟು, ಫ್ಯಾನು ಬದಲಾಯಿಸಿದರೆ ಬಲ್ಬು, ಫ್ಯಾನು, ಫ್ರಿಜ್, ಮಿಕ್ಸಿ, ಟಿವಿ, ಮೊಬೈಲ್ ಎಲ್ಲ ಸೇರಿ ದಿನಕ್ಕೆ ಮೂರು ಯೂನಿಟ್ಟಿನ ಒಳಗೆ ಮನೆ ನಡೆಯುತ್ತದೆ. ಇನ್ನು ಮುಂದೆ ನಾನು ಹೇಳುವ ಲೆಕ್ಕವೆಲ್ಲ ಈ ಮೂರು ಯೂನಿಟ್ಟಿನ ಮನೆಗೆ.

ಇಷ್ಟೆಲ್ಲ ಯಾಕೆ, ಮನೆಯೆದುರು ಕಂಬ ಇದೆಯಲ್ಲ ಎಂದು ಕೇಳುವವರು ಇಲ್ಲಿದ್ದೀರಿ. 2017ರಲ್ಲಿ ಕೇರಳವನ್ನು ಪೂರ್ಣ ವಿದ್ಯುದೀಕರಣಗೊಂಡ ರಾಜ್ಯವೆಂದು ಘೋಷಿಸಿದರು. ಲೈನು ಬಂದದ್ದು ನಿಜ, ಅದೊಂದು ದೊಡ್ಡ ಕೆಲಸವೇ. ಆದರೆ ನಮ್ಮ ಕಡೆಯ ಲೈನುಗಳು ರಬ್ಬರ್ ತೋಟ, ಅಡಿಕೆ ತೋಟ, ಗೇರುಗುಡ್ಡೆಗಳ ನಡುವೆ ಹಾದು ಬರುತ್ತವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಗೆ ಒಂದು ಮರ ಬಿದ್ದರೆ ಒಂದು ಊರೇ ಕತ್ತಲು. ಲೈನ್‌ಮ್ಯಾನ್‌ಗಳು ಸುರಿಯುವ ಮಳೆಯಲ್ಲಿ ಕಂಬ ಹತ್ತಿ ದುಡಿಯುತ್ತಾರೆ, ಅವರ ಮೇಲೆ ನನಗೆ ದೂರಿಲ್ಲ. ನೆಲದ ಸ್ವರೂಪವೇ ಹಾಗಿದೆ. ಗುಡ್ಡೆಯ ತುದಿಯಲ್ಲಿ ಒಂಟಿ ಮನೆ ಮಾಡಿಕೊಂಡವರಿಗಂತೂ ಕಂಬ ಎಳೆಸುವುದೇ ದೊಡ್ಡ ಖರ್ಚು. ಈ ಎರಡು ಬಗೆಯವರಿಗೆ ನಾನು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪೇಟೆಯ ಮಧ್ಯೆ ಇದ್ದು, ವರ್ಷದಲ್ಲಿ ನಾಲ್ಕೈದು ಸಲ ಮಾತ್ರ ಕರೆಂಟು ಹೋಗುವವರು ಲೈನನ್ನು ಕತ್ತರಿಸಿಕೊಳ್ಳಬೇಡಿ. ಬ್ಯಾಟರಿಯಲ್ಲಿ ಕೂಡಿಟ್ಟ ಕರೆಂಟು ಕಂಬದ ಕರೆಂಟಿಗಿಂತ ದುಬಾರಿ. ಅದರ ಲೆಕ್ಕವನ್ನೂ ಕೊಡುತ್ತೇನೆ.

ಅದಕ್ಕೆ ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿನ ಛಾವಣಿ ಸೋಲಾರಿಗೆ 78,000 ರೂಪಾಯಿ ಸಹಾಯಧನ ಇದೆ. ಒಳ್ಳೆಯ ಯೋಜನೆ, ಬಿಲ್ಲು ನಿಜವಾಗಿಯೂ ಇಳಿಯುತ್ತದೆ. ಆದರೆ ಅದು ಲೈನಿಗೆ ಜೋಡಿಸಿದ ಸೋಲಾರ್. ಬ್ಯಾಟರಿ ಇಲ್ಲದೆ ಹಾಗೆ ಜೋಡಿಸಿದಾಗ ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ಪ್ಯಾನೆಲಿನ ಕರೆಂಟನ್ನು ಮನೆಗೆ ಬೇಕಾದಂತೆ ಬದಲಿಸಿಕೊಡುವ ಇನ್ವರ್ಟರ್ ಕೂಡ ತಾನಾಗಿ ಆಫ್ ಆಗುತ್ತದೆ. ಬಿಸಿಲು ಸುಡುತ್ತಿದ್ದರೂ ಮನೆಯ ಒಂದು ಬಲ್ಬೂ ಉರಿಯುವುದಿಲ್ಲ. ಇದು ಕೆಟ್ಟುಹೋದದ್ದಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಕರೆಂಟು ಇಲ್ಲವೆಂದು ನಂಬಿ ತಂತಿ ಮುಟ್ಟುವ ಲೈನ್‌ಮ್ಯಾನ್‌ಗೆ ನಿಮ್ಮ ಛಾವಣಿಯ ಕರೆಂಟು ಹೊಡೆಯಬಾರದು. ಮಳೆಗಾಲದ ಕತ್ತಲೆಗೆ ಪರಿಹಾರವೆಂದು ಇದನ್ನು ಹಾಕಿಸಿಕೊಂಡವರಿಗೆ ನಿರಾಸೆಯಾಗುತ್ತದೆ. ಕತ್ತಲೆಗೆ ಪರಿಹಾರ ಬೇಕೆಂದರೆ ಬ್ಯಾಟರಿ ಇರುವ, ಲೈನಿನ ಹಂಗಿಲ್ಲದೆ ನಡೆಯಬಲ್ಲ ವ್ಯವಸ್ಥೆಯೇ ಬೇಕು.

ಬಿಸಿಲಿನ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಸ್ಥಾವರ ಇದೆ. 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮರಗಳಿಲ್ಲದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾರೆಯ ಮೇಲೆ ಸಾಲು ಸಾಲು ಪ್ಯಾನೆಲ್. ಆ ಪಾರೆಗಳಲ್ಲಿ ಮಳೆಗಾಲದಲ್ಲಿ ಅರಳುವ ಹೂವು, ಮೇಯುವ ದನ, ಇಂಗುವ ನೀರು ಏನಾಗಬೇಕು ಎಂಬುದು ಬೇರೆಯೇ ಒಂದು ಉಪನ್ಯಾಸದ ವಿಷಯ. ಇಂದು ಅದಕ್ಕೆ ಕೈ ಹಾಕುವುದಿಲ್ಲ. ಆದರೆ ಮನೆಯ ಛಾವಣಿಗೆ ಬಿದ್ದ ಬಿಸಿಲಿನಲ್ಲಿ ಕರೆಂಟು ಮಾಡಿದರೆ ಯಾವ ಪಾರೆಯನ್ನೂ ಮುಚ್ಚಬೇಕಾಗಿಲ್ಲ ಎಂಬ ಮಾತನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ಜನವರಿಯಿಂದ ಮೇ ತನಕ ಒಂದು ಕಿಲೋವ್ಯಾಟ್ ಪ್ಯಾನೆಲಿನಿಂದ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಬರುತ್ತದೆ. ಬ್ಯಾಟರಿ ತುಂಬಿಸಿ ತೆಗೆಯುವಾಗ, ಇನ್ವರ್ಟರಿನಲ್ಲಿ, ತಂತಿಯಲ್ಲಿ ನಷ್ಟವಾಗುವುದನ್ನು ಕಳೆದರೆ ಕೈಗೆ ಸಿಗುವುದು ಮೂರು. ಅಂದರೆ ಒಂದೂವರೆ ಕಿಲೋವ್ಯಾಟ್ ಹಾಕಿದರೆ ಬೇಸಿಗೆಯಲ್ಲಿ ಮೂರು ಯೂನಿಟ್ಟಿನ ಮನೆಗೆ ಧಾರಾಳವಾಯಿತು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ನಾವಿರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ಅಷ್ಟೇ ಓರೆ ಸಾಕು, ಒಂದೆರಡು ಡಿಗ್ರಿ ಹೆಚ್ಚಾದರೆ ಮಳೆಗೆ ತಾನೇ ತೊಳೆದುಹೋಗುತ್ತದೆ. ತೀರಾ ಚಪ್ಪಟೆ ಇಟ್ಟರೆ ಕೆಳಗಿನ ಅಂಚಿನಲ್ಲಿ ಕೆಸರು ನಿಂತು ಪಾಚಿ ಹಿಡಿಯುತ್ತದೆ. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ನೆರಳು. ಒಂದು ತೆಂಗಿನ ಗರಿಯ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬಿದ್ದರೆ ಆ ಮೂಲೆಯಷ್ಟೇ ಕಡಿಮೆಯಾಗುತ್ತದೆಂದು ನೀವು ಭಾವಿಸುತ್ತೀರಿ. ಹಾಗಲ್ಲ. ಒಳಗಿನ ಸೆಲ್‌ಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಿಸಿರುವುದರಿಂದ ಮೂಲೆಯ ನೆರಳಿಗೆ ಪ್ಯಾನೆಲಿನ ಮೂರನೆಯ ಒಂದು ಭಾಗವೇ ಸತ್ತಂತೆ ಆಗಬಹುದು. ಪ್ಯಾನೆಲ್ ಕೂರಿಸುವ ಮೊದಲು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ ಛಾವಣಿಯ ಮೇಲೆ ನೆರಳು ಹೇಗೆ ಸರಿಯುತ್ತದೆ ಎಂದು ಒಂದು ದಿನ ಕುಳಿತು ನೋಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ನೋಡಿದರೆ ಇನ್ನೂ ಒಳ್ಳೆಯದು, ನೆರಳು ಆಗ ಉದ್ದ.

ಇದೆಲ್ಲ ಮೇ ತನಕದ ಕಥೆ. ಜೂನ್ ಬಂತೆಂದರೆ ಚಿತ್ರವೇ ಬದಲು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಡಿಮಳೆಯ ವಾರದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲಿನಿಂದ ಒಂದು ಯೂನಿಟ್ ಹುಟ್ಟುವುದೂ ಕಷ್ಟ. ಲೈನಿನ ಕರೆಂಟು ಕೈಕೊಡುವುದೂ ಇದೇ ವಾರದಲ್ಲಿ. ಸೋಲಾರ್ ಒಂದನ್ನೇ ನಂಬಿದವರು ಆಗ ಎರಡು ಪಟ್ಟು ಪ್ಯಾನೆಲ್, ಮೂರು ಪಟ್ಟು ಬ್ಯಾಟರಿ ಹಾಕಬೇಕಾಗುತ್ತದೆ, ಇಲ್ಲವೇ ಪೆಟ್ರೋಲ್ ಜನರೇಟರ್ ತರಬೇಕಾಗುತ್ತದೆ. ಸಣ್ಣ ಜನರೇಟರಿನಲ್ಲಿ ಒಂದು ಲೀಟರಿಗೆ ಎರಡು ಯೂನಿಟ್ ಸಿಕ್ಕರೆ ದೊಡ್ಡದು. ಯೂನಿಟ್ಟಿಗೆ ಐವತ್ತು ರೂಪಾಯಿಯ ಹತ್ತಿರ ಹೋಗುತ್ತದೆ, ಮೇಲಿನಿಂದ ಅದರ ಸದ್ದು, ಹೊಗೆ. ಗಾಳಿಯಂತ್ರದ ಬಗ್ಗೆಯೂ ಕೆಲವರು ಕೇಳುತ್ತಾರೆ. ಮರಗಳ ನಡುವಿನ ನಮ್ಮ ಕಣಿವೆಗಳಲ್ಲಿ ಬೇಡ, ಅದಕ್ಕೆ ತಡೆಯಿಲ್ಲದ ಬಯಲಿನ ಒಂದೇ ಸಮನೆ ಗಾಳಿ ಬೇಕು.

ಹಾಗಾದರೆ ಮಳೆಗಾಲದಲ್ಲಿ ನಮ್ಮ ಬಳಿ ಇರುವುದೇನು? ಮನೆಯ ಹಿಂದೆ ಗುಡ್ಡೆ, ಗುಡ್ಡೆಯಿಂದ ಧುಮುಕುವ ತೋಡು, ಅಂದರೆ ಸಣ್ಣ ಹಳ್ಳ. ಬಿಸಿಲು ಮರೆಯಾಗುವ ವಾರದಲ್ಲಿಯೇ ತೋಡು ತುಂಬುತ್ತದೆ. ತೋಡು ಬಡವಾಗುವ ಡಿಸೆಂಬರ್ ಹೊತ್ತಿಗೆ ಬಿಸಿಲು ಬಲವಾಗುತ್ತದೆ. ವರ್ಷವನ್ನು ಇವೆರಡೂ ಹೀಗೆ ಹಂಚಿಕೊಂಡಿರುವ ಊರು ಸಿಗುವುದು ಪುಣ್ಯ ಎಂದು ನಾನು ಮನಸಾರೆ ನಂಬಿದ್ದೇನೆ. ಘಟ್ಟದ ತಪ್ಪಲಿನ ದಕ್ಷಿಣ ಕನ್ನಡ, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಒಂಟಿ ಮನೆಗಳಲ್ಲಿ ತೋಡಿನ ನೀರಿನಿಂದ ತಿರುಗಿ ಕರೆಂಟು ಮಾಡುವ ಸಣ್ಣ ಚಕ್ರಯಂತ್ರಗಳು, ಅಂದರೆ ಟರ್ಬೈನ್‌ಗಳು, ವರ್ಷಗಳಿಂದ ದುಡಿಯುತ್ತಿವೆ. ಗಡಿಯ ಈಚೆ ಬದಿಯಲ್ಲಿ ನಮಗೆ ಗುಡ್ಡೆಯೂ ಅದೇ, ಮಳೆಯೂ ಅದೇ.

ಲೆಕ್ಕ ಬಹಳ ಸರಳ. ನೀರು ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬೀಳುತ್ತದೆ, ಇವೆರಡನ್ನು ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿ. ಅಷ್ಟು ವ್ಯಾಟ್ ಮನೆಗೆ ಸಿಗುತ್ತದೆ. ಶಾಸ್ತ್ರದ ಪ್ರಕಾರ 9.81ರಿಂದ ಗುಣಿಸಬೇಕು, ಆದರೆ ಸಣ್ಣ ಯಂತ್ರದಲ್ಲಿ ಸುಮಾರು ಅರ್ಧ ನಷ್ಟ. ಹಾಗಾಗಿ ಐದು. 20 ಮೀಟರ್ ಎತ್ತರ, ಸೆಕೆಂಡಿಗೆ 5 ಲೀಟರ್ ಇದ್ದರೆ 500 ವ್ಯಾಟ್. ಇದು ಸಣ್ಣದೆಂದು ಕಾಣಬಹುದು. ಆದರೆ ತೋಡಿಗೆ ರಾತ್ರಿ ಇಲ್ಲ, ಮೋಡ ಇಲ್ಲ. ಇಪ್ಪತ್ತನಾಲ್ಕು ಗಂಟೆ ತಿರುಗಿದರೆ ದಿನಕ್ಕೆ 12 ಯೂನಿಟ್. ನಮಗೆ ಬೇಕಾದದ್ದು ಮೂರು.

ಅಳೆಯುವುದಕ್ಕೆ ಇಂಜಿನಿಯರ್ ಬೇಡ. ನೀರು ಅಳೆಯಲು ತೋಡಿಗೆ ಸಣ್ಣ ಮಣ್ಣಿನ ಕಟ್ಟ ಕಟ್ಟಿ, ನೀರೆಲ್ಲ ಒಂದು ಪೈಪಿನಲ್ಲಿ ಬರುವಂತೆ ಮಾಡಿ, ಕೆಳಗೆ 20 ಲೀಟರಿನ ಬಾಲ್ದಿ ಹಿಡಿಯಿರಿ. ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಎತ್ತರ ಅಳೆಯಲು ಮೇಸ್ತ್ರಿಗಳ ಹತ್ತಿರ ಇರುವ, ನೀರು ತುಂಬಿಸಿ ಮಟ್ಟ ನೋಡುವ ಪಾರದರ್ಶಕ ಪೈಪು ಸಾಕು, ಹಂತ ಹಂತವಾಗಿ ಇಳಿಯುತ್ತಾ ಬನ್ನಿ. ಇನ್ನೂ ಸುಲಭವೆಂದರೆ ಮೇಲಿನಿಂದ ಕೆಳಗಿನ ತನಕ ಪೈಪು ಎಳೆದು ನೀರು ತುಂಬಿಸಿ, ಕೆಳತುದಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸುವುದು. ಗೇಜು ಒಂದು ಕಿಲೋ (ಚದರ ಸೆಂಟಿಮೀಟರಿಗೆ) ತೋರಿಸಿದರೆ ಎತ್ತರ 10 ಮೀಟರ್, ಎರಡು ತೋರಿಸಿದರೆ 20.

ಈ 20 ಮೀಟರ್ ಎತ್ತರದ ನೀರು ಕೆಳಗೆ ಬರುವಾಗ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರ ನಿಂತು ನೋಡಬೇಕು. ಪೈಪಿನ ತುದಿಯ ನಳಿಗೆಯಿಂದ ಹೆಬ್ಬೆರಳಿನ ದಪ್ಪದ ಒಂದು ಧಾರೆ ಹೊರಡುತ್ತದೆ, ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಗಂಟೆಗೆ 70 ಕಿಲೋಮೀಟರಿಗೂ ಹೆಚ್ಚು. ಕೈ ಒಡ್ಡಿದರೆ ಕೈಯನ್ನು ಹಿಂದಕ್ಕೆ ಎಸೆಯುತ್ತದೆ. ಆ ಧಾರೆ ಹೊಡೆಯುವ ಚಕ್ರವೇ ಪೆಲ್ಟನ್ ಚಕ್ರ. ಅಮೆರಿಕದ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಪ್ರದೇಶದಲ್ಲಿ ಬಡಗಿಯಾಗಿ, ಯಂತ್ರ ಸರಿಪಡಿಸುವವನಾಗಿ ದುಡಿದ ಲೆಸ್ಟರ್ ಪೆಲ್ಟನ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಚಕ್ರದ ಸುತ್ತ ಜೋಡಿ ಬಟ್ಟಲುಗಳು, ಎರಡು ಬಟ್ಟಲುಗಳ ನಡುವೆ ಚೂಪಾದ ಏಣು. ಧಾರೆ ಏಣಿಗೆ ಬಡಿದು ಎರಡಾಗಿ ಸೀಳಿ, ಎರಡೂ ಬಟ್ಟಲುಗಳಲ್ಲಿ ತಿರುಗಿ ಹಿಂದಕ್ಕೆ ಬರುತ್ತದೆ. ಬಟ್ಟಲುಗಳು ಧಾರೆಯ ಅರ್ಧ ವೇಗದಲ್ಲಿ ಓಡುವಂತೆ ಚಕ್ರದ ಅಳತೆ ಇದ್ದರೆ ನೀರಿನ ಬಲವೆಲ್ಲ ಚಕ್ರಕ್ಕೆ ಇಳಿದುಹೋಗುತ್ತದೆ. ಸರಿಯಾಗಿ ಕೂರಿಸಿದ ಪೆಲ್ಟನ್ನಿನ ಗುರುತು ಇಷ್ಟೇ: ಅದರ ಕೆಳಗೆ ನೀರು ಸುಸ್ತಾಗಿ ಸುಮ್ಮನೆ ಸುರಿಯುತ್ತಿರಬೇಕು. ನೀರು ಇನ್ನೂ ಜೋರಾಗಿ ಆಚೀಚೆ ಚಿಮ್ಮುತ್ತಿದೆಯೆಂದರೆ ನಿಮಗೆ ಸಿಗಬೇಕಾದ ಕರೆಂಟು ಗೋಡೆಗೆ ಬಡಿದು ಹೋಗುತ್ತಿದೆ ಎಂದರ್ಥ.

ಜನ ದುಡ್ಡು ಉಳಿಸಲು ಹೋಗಿ ಕೆಡುವುದು ಪೈಪಿನಲ್ಲಿ. ತೋಟಕ್ಕೆ ತಂದ ಎರಡು ಇಂಚಿನ ಪೈಪು ಉಳಿದಿದೆ, ಅದನ್ನೇ ಹಾಕೋಣ ಎನ್ನುತ್ತಾರೆ. 100 ಮೀಟರ್ ಉದ್ದದ ಎರಡಿಂಚಿನ ಪೈಪಿನಲ್ಲಿ ಸೆಕೆಂಡಿಗೆ 5 ಲೀಟರ್ ಓಡಿಸಿದರೆ ಪೈಪಿನ ಒಳಮೈಗೆ ತಿಕ್ಕಿಯೇ ಸುಮಾರು 12 ಮೀಟರಿನಷ್ಟು ಎತ್ತರ ನಷ್ಟವಾಗುತ್ತದೆ. 20ರಲ್ಲಿ ಉಳಿಯುವುದು ಎಂಟು. ಮೂರು ಇಂಚಿನದ್ದಾದರೆ ನಷ್ಟ ಎರಡು ಮೀಟರಿನ ಒಳಗೆ, ನಾಲ್ಕು ಇಂಚಿನದ್ದಾದರೆ ಅರ್ಧ ಮೀಟರ್. ಟರ್ಬೈನಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಕಡಿಮೆಯಾದರೂ ಆಗಲಿ, ಪೈಪು ಮಾತ್ರ ದೊಡ್ಡದಿರಲಿ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಹಾಗೆಯೇ ಟರ್ಬೈನಿನಿಂದ ಮನೆಗೆ ಬರುವ ತಂತಿ. 500 ವ್ಯಾಟನ್ನು 230 ವೋಲ್ಟಿನಲ್ಲಿ ಕಳುಹಿಸಿದರೆ ಓಡುವುದು ಎರಡು ಆಂಪಿಯರ್ ಚಿಲ್ಲರೆ. ಮಾಮೂಲಿ ಎರಡೂವರೆ ಎಂಎಂ ತಾಮ್ರದ ತಂತಿಯಲ್ಲಿ 200 ಮೀಟರ್ ಬಂದರೂ ಕಳೆದುಹೋಗುವುದು ಆರೇಳು ವೋಲ್ಟ್. ಅದನ್ನೇ 24 ವೋಲ್ಟಿನಲ್ಲಿ ಕಳುಹಿಸಲು ನೋಡಿದರೆ ಮನೆಗೆ ಏನೂ ತಲುಪುವುದಿಲ್ಲ, ಎಲ್ಲ ತಂತಿಯಲ್ಲೇ ಮುಗಿಯುತ್ತದೆ.

ದಿನನಿತ್ಯದ ಕೆಲಸ ಇರುವುದು ಮೇಲೆ, ನೀರು ಪೈಪಿಗೆ ಹೋಗುವ ಬಾಯಿಯಲ್ಲಿ. ನಮ್ಮ ತೋಡುಗಳಲ್ಲಿ ಮೊದಲ ಮಳೆಗೆ ಬರುವುದು ನೀರಲ್ಲ, ಎಲೆ. ರಬ್ಬರಿನ ಎಲೆ, ಹಲಸಿನ ಎಲೆ, ಅಡಿಕೆ ಹಾಳೆ, ಗೆರಟೆ. ನೀರಿಗೆ ಅಡ್ಡ ನಿಲ್ಲಿಸಿದ ಬಲೆ ಒಂದು ರಾತ್ರಿಗೆ ಕಟ್ಟಿಕೊಳ್ಳುತ್ತದೆ. ಬಲೆಯನ್ನು ಓರೆಯಾಗಿ, ನೀರು ಅದರ ಮೇಲಿನಿಂದ ಜಾರುವಂತೆ ಮಲಗಿಸಿದರೆ ನೀರು ಸಂದಿಯಲ್ಲಿ ಇಳಿಯುತ್ತದೆ, ಎಲೆ ಜಾರಿ ಮುಂದಕ್ಕೆ ಹೋಗುತ್ತದೆ. ಅದರ ಕೆಳಗೆ ಮರಳು ಕೂರಲು ಒಂದು ಸಣ್ಣ ತೊಟ್ಟಿ. ಮರಳು ಪೈಪಿಗೆ ಹೋದರೆ ನಳಿಗೆ ಮತ್ತು ಬಟ್ಟಲು ಸವೆಯುತ್ತವೆ.

500 ವ್ಯಾಟ್ ಬರುವ ಮನೆಯಲ್ಲಿ 600 ವ್ಯಾಟಿನ ಮಿಕ್ಸಿ ಹೇಗೆ ತಿರುಗುತ್ತದೆ ಎಂದು ಹಿಂದಿನ ಸಾಲಿನ ಅಕ್ಕ ಈಗ ಕೇಳಿದರು. ಬಹಳ ಸರಿಯಾದ ಪ್ರಶ್ನೆ. ಟರ್ಬೈನಿಗೆ ನೇರವಾಗಿ ಜೋಡಿಸಿದರೆ ತಿರುಗುವುದಿಲ್ಲ. ಟರ್ಬೈನಿನ ಕರೆಂಟು ಚಾರ್ಜರ್ ಮೂಲಕ ಬ್ಯಾಟರಿಗೆ ಹೋಗಬೇಕು, ಮನೆಗೆ ಇನ್ವರ್ಟರಿನಿಂದ ಬರಬೇಕು. ಆಗ ಎರಡು ಕಿಲೋವ್ಯಾಟಿನ ಇನ್ವರ್ಟರ್ ಇದ್ದರೆ ಮಿಕ್ಸಿ, ಗ್ರೈಂಡರ್ ಒಟ್ಟಿಗೆ ನಡೆಸಬಹುದು, ಬ್ಯಾಟರಿ ಬರಿದಾದದ್ದನ್ನು ತೋಡು ನಿಧಾನಕ್ಕೆ ತುಂಬುತ್ತದೆ. ಬೇಸಿಗೆಯಲ್ಲಿ ಪ್ಯಾನೆಲ್ ತುಂಬುವುದೂ ಅದೇ ಬ್ಯಾಟರಿಯನ್ನು. ಎರಡು ಮೂಲ, ಒಂದೇ ಬ್ಯಾಟರಿ, ಒಂದೇ ಇನ್ವರ್ಟರ್.

ಬ್ಯಾಟರಿ ತುಂಬಿದ ಮೇಲೆ? ಸೋಲಾರ್ ಆದರೆ ಸುಮ್ಮನೆ ನಿಲ್ಲಿಸಬಹುದು, ಪ್ಯಾನೆಲಿಗೆ ಏನೂ ಆಗುವುದಿಲ್ಲ. ಟರ್ಬೈನಿನ ಹೊರೆ ತಟ್ಟನೆ ತಪ್ಪಿದರೆ ಅದು ಹುಚ್ಚೆದ್ದು ಸುಮಾರು ಇಮ್ಮಡಿ ವೇಗದಲ್ಲಿ ತಿರುಗುತ್ತದೆ, ವೋಲ್ಟೇಜ್ ಏರಿ ಉಪಕರಣಗಳು ಸುಡುತ್ತವೆ. ಅದಕ್ಕಾಗಿಯೇ ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದೆ. ಮನೆಗೆ ಬೇಡವಾದ ಕರೆಂಟನ್ನು ಅದು ಒಂದು ಹೀಟರಿಗೆ ತಿರುಗಿಸುತ್ತದೆ. ಬಿಸಿ ಮಾಡಲು ಕರೆಂಟು ಬಳಸಬೇಡಿ ಎಂದು ಆಗ ಹೇಳಿದವನು ಈಗ ಹೀಟರ್ ಎನ್ನುತ್ತೇನಲ್ಲ ಎಂದು ಆಶ್ಚರ್ಯಪಡಬೇಡಿ, ಇದು ಮಿಕ್ಕಿದ ಕರೆಂಟು. ಮಳೆಗಾಲದಲ್ಲಿ ದಿನಕ್ಕೆ ಎಂಟೊಂಬತ್ತು ಯೂನಿಟ್ ಮಿಗುತ್ತದೆ. ಆ ಹೀಟರನ್ನು ಸ್ನಾನದ ನೀರಿನ ಡ್ರಮ್ಮಿಗೆ ಹಾಕಿದರೆ ದಿನಕ್ಕೆ ಇನ್ನೂರು ಲೀಟರ್ ನೀರು ಹದವಾಗಿ ಬಿಸಿಯಾಗುತ್ತದೆ. ಒದ್ದೆ ಕಟ್ಟಿಗೆಯನ್ನು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುವ ಆಟಿ ತಿಂಗಳಿನಲ್ಲಿ ತೋಡೇ ನೀರು ಕಾಯಿಸಿಕೊಡುತ್ತದೆ. ಒಂದು ಸಣ್ಣ ಕೋಣೆಯಲ್ಲಿ ಹಗ್ಗ ಕಟ್ಟಿ ಆ ಬಿಸಿಯನ್ನು ಅಲ್ಲಿಗೆ ಬಿಟ್ಟರೆ ಒಗೆದ ಬಟ್ಟೆ ಒಣಗುತ್ತದೆ. ಮಳೆಗಾಲದಲ್ಲಿ ಸಣ್ಣ ಮಕ್ಕಳ ಬಟ್ಟೆ ಒಣಗಿಸಿದ ತಾಯಂದಿರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ.

ಸುರಂಗದ ನೀರಿನಿಂದ ಕರೆಂಟು ಮಾಡಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಕೇಳಬೇಕಾದದ್ದೇ, ನಮ್ಮ ನೆಲದ ಹೆಮ್ಮೆ ಅದು. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಒಬ್ಬ ಮನುಷ್ಯ ಬಾಗಿ ಹೋಗುವಷ್ಟು ದಾರಿಯನ್ನು ಪಿಕಾಸಿಯಲ್ಲಿ ಅಡ್ಡಕ್ಕೆ ಕೊರೆದು, ಒಳಗಿನ ಒರತೆಯನ್ನು ಹೊರಗೆ ಹರಿಸುವ ವಿದ್ಯೆ. ಲೆಕ್ಕ ಮಾತ್ರ ಲೆಕ್ಕವೇ. ಬೇಸಿಗೆಯಲ್ಲಿ ಸುರಂಗದಿಂದ ನಿಮಿಷಕ್ಕೆ 6 ಲೀಟರ್ ಬರುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 0.1 ಲೀಟರ್. 10 ಮೀಟರ್ ಇಳಿಜಾರು ಇದ್ದರೆ 5 ವ್ಯಾಟ್. ಒಂದು ಸಣ್ಣ ಬಲ್ಬು, ಅಷ್ಟೇ. ಅದಕ್ಕೆ ಟರ್ಬೈನ್ ಕೂರಿಸುವುದು ವ್ಯರ್ಥ.

ಆದರೆ ಇನ್ನೊಂದು ಕಡೆಯಿಂದ ನೋಡಿ. ಸುರಂಗ ಇಲ್ಲದ ಮನೆಯಲ್ಲಿ 100 ಮೀಟರ್ ಆಳದ ಕೊಳವೆ ಬಾವಿಯಿಂದ ದಿನಕ್ಕೆ 1000 ಲೀಟರ್ ನೀರೆತ್ತಲು ಮುಕ್ಕಾಲು ಯೂನಿಟ್ ಆಸುಪಾಸು ಬೇಕು. ಸುರಂಗದಿಂದ ಇಡೀ ದಿನ ಕರೆಂಟು ಮಾಡಿದರೂ ಸಿಗುವುದರ ಆರು ಪಟ್ಟು ಅದು. ಇನ್ನೂ ದೊಡ್ಡ ವಿಷಯ, ಒಂದು ಎಚ್‌ಪಿ ಪಂಪು ಸ್ಟಾರ್ಟ್ ಆಗುವ ಕ್ಷಣಕ್ಕೆ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಇನ್ವರ್ಟರ್, ಬ್ಯಾಟರಿ ಎಲ್ಲವನ್ನೂ ದೊಡ್ಡದು ಮಾಡಬೇಕು. ಸುರಂಗದ ನೀರು ತಾನಾಗಿ ಅಡುಗೆ ಮನೆಗೆ ಹರಿದು ಬರುವ ಮನೆಗೆ ಈ ತಾಪತ್ರಯ ಒಂದೂ ಇಲ್ಲ. ಸ್ವಂತ ಕರೆಂಟಿನ ಮನೆಗೆ ಅರ್ಧ ದಾರಿಯನ್ನು ನಮ್ಮ ಹಿರಿಯರು ಪಿಕಾಸಿ ಹಿಡಿದು ಆಗಲೇ ಕೊರೆದಿಟ್ಟಿದ್ದಾರೆ. ಪಕ್ಕದಲ್ಲಿ ಕೊಳವೆ ಬಾವಿ ತೋಡಿ ಸುರಂಗ ಬತ್ತಿಸಿಕೊಂಡು, ಆ ಬಾವಿಯ ಪಂಪು ಓಡಿಸಲು ಸೋಲಾರ್ ಹುಡುಕುವುದನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸುರಂಗ ಇರುವವರು ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ಕುಸಿದ ಬಾಯಿ ಸರಿಪಡಿಸಿ, ಹೂಳು ತೆಗೆಸಿ, ಮೇಲಿನ ಗುಡ್ಡೆಯಲ್ಲಿ ನೀರು ಇಂಗಲು ಬಿಡಿ.

ತೋಟದ ನೀರಾವರಿಯನ್ನು ಮನೆಯ ವ್ಯವಸ್ಥೆಗೆ ಬೆರೆಸಬೇಡಿ. ಐನೂರು ಅಡಿಕೆ ಮರಗಳಿಗೆ ಹನಿ ನೀರಾವರಿಯಲ್ಲಿ ಮರಕ್ಕೆ 20 ಲೀಟರಿನಂತೆ ಕೊಟ್ಟರೂ ದಿನಕ್ಕೆ 10,000 ಲೀಟರ್. ಅಷ್ಟು ಆಳದಿಂದ ಎತ್ತಲು ಏಳೆಂಟು ಯೂನಿಟ್ ಬೇಕು, ಅಂದರೆ ಎರಡೂವರೆ ಮನೆಗಳ ಖರ್ಚು. ಅದಕ್ಕೆ ಬ್ಯಾಟರಿಯೇ ಇಲ್ಲದ ಸೋಲಾರ್ ಪಂಪು ಬೇರೆಯಾಗಿ ಇರಲಿ. ಬಿಸಿಲಿದ್ದಾಗ ಎತ್ತಿ ಮೇಲಿನ ಟ್ಯಾಂಕಿಗೆ ತುಂಬಲಿ. ತೋಟಕ್ಕೆ ನೀರು ಬೇಕಾಗುವುದು ಬಿಸಿಲಿನ ಕಾಲದಲ್ಲೇ ತಾನೆ. ಮಳೆ ನಿಂತ ಮೇಲೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕುವ ಕಟ್ಟದಿಂದ ಕರೆಂಟು ಮಾಡುವ ಯೋಚನೆಯೂ ಬೇಡ. ಕಟ್ಟದ ಎತ್ತರ ಒಂದೂವರೆ ಮೀಟರ್. 500 ವ್ಯಾಟಿಗೆ ಸೆಕೆಂಡಿಗೆ 65 ಲೀಟರಿಗಿಂತ ಹೆಚ್ಚು ನೀರು ಬೇಕು. ಕಟ್ಟ ಹಾಕುವ ಕಾಲದಲ್ಲಿ ನಮ್ಮ ತೋಡುಗಳಲ್ಲಿ ಅಷ್ಟು ಎಲ್ಲಿ? ಏತಡ್ಕದಂಥ ಊರುಗಳಲ್ಲಿ ಕಟ್ಟಗಳು ಮಾಡುವ ಉಪಕಾರ ಬೇರೆ. ನೀರು ನೆಲಕ್ಕೆ ಇಳಿದು ಬಾವಿಗಳ ಮಟ್ಟ ಏರಿದರೆ ಪಂಪಿನ ಕೆಲಸ ಕಡಿಮೆಯಾಗುತ್ತದೆ.

ಬ್ಯಾಟರಿಯ ಲೆಕ್ಕ ಕೊಡುತ್ತೇನೆ ಎಂದಿದ್ದೆ. 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಸೀಸದ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ 0.9. ಹಾಗೆ ನಯವಾಗಿ ಬಳಸಿದರೆ ಸುಮಾರು 1500 ಸಲ ತುಂಬಿ ತೆಗೆಯಬಹುದು. ಜೀವಮಾನದಲ್ಲಿ ಒಟ್ಟು 1350 ಯೂನಿಟ್. ಬ್ಯಾಟರಿಗೆ 15,000 ರೂಪಾಯಿ ಎಂದು ಹಿಡಿದರೆ ಕೂಡಿಟ್ಟು ತೆಗೆದ ಒಂದೊಂದು ಯೂನಿಟ್ಟಿಗೂ 11 ರೂಪಾಯಿ. ಇದು ಬರೀ ಇಟ್ಟುಕೊಂಡದ್ದಕ್ಕೆ ಬಾಡಿಗೆ, ಕರೆಂಟು ಮಾಡಿದ ಖರ್ಚು ಬೇರೆ. ಆದ್ದರಿಂದ ಹಗಲು ಮಾಡಬಹುದಾದ ಕೆಲಸವನ್ನು ಹಗಲೇ ಮಾಡಿ. ದೋಸೆಗೆ ಹಿಟ್ಟು ಮಧ್ಯಾಹ್ನ ಅರೆಯಿರಿ, ವಾಷಿಂಗ್ ಮೆಷಿನ್ ಹನ್ನೊಂದು ಗಂಟೆಗೆ ಹಾಕಿ. ಲಿಥಿಯಂ ಬ್ಯಾಟರಿ ಬಂದಿದೆ. 48 ವೋಲ್ಟ್, 100 ಎಎಚ್ ಇದ್ದರೆ 4.8 ಯೂನಿಟ್, ಅದರಲ್ಲಿ ನಾಲ್ಕು ಧಾರಾಳವಾಗಿ ತೆಗೆಯಬಹುದು. ಸಾವಿರಾರು ಸಲ ತುಂಬಿದರೂ ತಾಳುತ್ತದೆ, ನೀರು ಹಾಕುವ ಕೆಲಸ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ಇಲ್ಲದಿದ್ದರೆ ಸೀಸದ್ದೇ ಸಾಕು, ಹಳೆಯದನ್ನು ಕೊಟ್ಟು ಹೊಸದು ತರುವ ವ್ಯವಹಾರ ಎಲ್ಲ ಪೇಟೆಗಳಲ್ಲೂ ಇದೆ. ಎರಡು ಮಾತು ಮಾತ್ರ ನೆನಪಿರಲಿ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಬೇಕು, ಬಾವಿಯ ನೀರು ಸರ್ವಥಾ ಹಾಕಬಾರದು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ. ಮಲಗುವ ಕೋಣೆಯಲ್ಲಿ, ದೀಪ ಹಚ್ಚುವ ದೇವರ ಕೋಣೆಯ ಪಕ್ಕದಲ್ಲಿ ಬ್ಯಾಟರಿ ಇಡಬೇಡಿ. ಗಾಳಿಯಾಡುವ ಜಗಲಿ ಒಳ್ಳೆಯದು.

ಸಿಡಿಲಿನ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ, ಮತ್ತೆ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆ ನಮ್ಮ ಗುಡ್ಡೆಗಳ ಮೇಲೆ ಸಿಡಿಲು ಹೇಗೆ ಇಳಿಯುತ್ತದೆ ಎಂದು ನಿಮಗೆ ಗೊತ್ತು. ಪ್ಯಾನೆಲಿನ ಚೌಕಟ್ಟು, ಇನ್ವರ್ಟರಿನ ಮೈ ಎಲ್ಲವೂ ಒಂದೇ ಅರ್ಥಿಂಗಿಗೆ ಸೇರಬೇಕು, ಸರ್ಜ್, ಅಂದರೆ ತಟ್ಟನೆ ಏರುವ ವೋಲ್ಟೇಜ್ ತಡೆಯುವ ಉಪಕರಣ ಪ್ಯಾನೆಲಿನ ಕಡೆ, ಮನೆಯ ಕಡೆ ಎರಡೂ ಕಡೆ ಇರಬೇಕು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಒಳಗೆ ಬಿಡುವುದೇ ಇಲ್ಲ, ಮೇ ತಿಂಗಳ ಸಿಡಿಲು ಬರುವುದೂ ಆಗಲೇ. ಅರ್ಥಿಂಗ್ ಗುಂಡಿಯನ್ನು ಬಚ್ಚಲ ನೀರು ಹರಿದು ಹೋಗುವ ಬಾಳೆಬುಡದ ಹತ್ತಿರ ತೋಡಿ, ಇದ್ದಿಲು, ಉಪ್ಪು ತುಂಬಿಸಿ. ವರ್ಷವಿಡೀ ಒದ್ದೆಯಾಗಿರುವ ಜಾಗ ಅದೊಂದೇ. ಟರ್ಬೈನಿನಿಂದ ಬರುವ ತಂತಿಯನ್ನು ಮರದಿಂದ ಮರಕ್ಕೆ ನೇತುಹಾಕಬೇಡಿ, ಪೈಪಿನೊಳಗೆ ಹಾಕಿ ನೆಲದಡಿಯಲ್ಲಿ ತನ್ನಿ.

ಕಾನೂನಿನ ತೊಡಕು ಇದೆಯೇ ಎಂದು ಕೇಳಿದ್ದೀರಿ. 2003ರ ವಿದ್ಯುತ್ ಕಾಯಿದೆಯ ಪ್ರಕಾರ ಸ್ವಂತ ಬಳಕೆಗೆ ಕರೆಂಟು ಮಾಡಿಕೊಳ್ಳಲು ಲೈಸೆನ್ಸ್ ಬೇಡ. ನೀರಿನ ವಿಷಯ ಹಾಗಲ್ಲ, ತೋಡು ಯಾರೊಬ್ಬರ ಸ್ವತ್ತೂ ಅಲ್ಲ. ಟರ್ಬೈನ್ ನೀರನ್ನು ಕುಡಿಯುವುದಿಲ್ಲ, ಬಂದಷ್ಟನ್ನೂ ಕೆಳಗೆ ಬಿಡುತ್ತದೆ ಎಂಬುದು ನಿಜ. ಆದರೆ ಪೈಪಿನ ಬಾಯಿಗೂ ಟರ್ಬೈನಿಗೂ ನಡುವಿನ ನೂರಿನ್ನೂರು ಮೀಟರ್ ತೋಡು ಒಣಗಬಾರದು, ಅಲ್ಲಿ ಮೀನಿದೆ, ಏಡಿ ಇದೆ, ಯಾರದೋ ದನ ನೀರು ಕುಡಿಯುವ ಜಾಗ ಇದೆ. ಸ್ವಲ್ಪ ನೀರು ತೋಡಿನಲ್ಲಿಯೇ ಹರಿಯುತ್ತಿರಲಿ. ಪಂಚಾಯತಿಗೆ ತಿಳಿಸಿ, ಕೆಳಗಿನ ತೋಟದವರನ್ನು ಕರೆದು ತೋರಿಸಿ ಆಮೇಲೆ ಕೆಲಸ ಶುರು ಮಾಡಿ. ಒಂದೇ ತೋಡಿನ ದಡದಲ್ಲಿ ಮೂರು ಮನೆಗಳಿದ್ದರೆ ಮೂರು ಟರ್ಬೈನ್ ಬೇಡ. ಆಗ ಹೇಳಿದ 12 ಯೂನಿಟ್ ಮೂರು ಮನೆಗಳಿಗೂ ಸಾಕು, ಖರ್ಚೂ ಮೂರು ಪಾಲಾಗುತ್ತದೆ. ಎಲೆ ತೆಗೆಯುವ ಸರದಿಯನ್ನು ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ, ಮನಸ್ತಾಪ ಬರುವುದು ಯಾವಾಗಲೂ ಅಲ್ಲಿಯೇ.

ಈ ವರ್ಷ ಯಾರೂ ಏನೂ ಕೊಳ್ಳಬೇಡಿ. ಮಳೆ ಹಿಡಿದ ಮೇಲೆ, ಜೂನ್ ಕೊನೆಯಿಂದ, ವಾರಕ್ಕೊಮ್ಮೆ ಬಾಲ್ದಿ ಹಿಡಿದು ತೋಡಿನ ನೀರು ಅಳೆಯಿರಿ. ತಾರೀಕು, ಸೆಕೆಂಡು ಎರಡನ್ನೂ ನೋಟ್ ಪುಸ್ತಕದಲ್ಲಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ವಹಿಸಿ, ತಪ್ಪದೆ ಮಾಡುತ್ತಾರೆ. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಮೀಟರಿನ ರೀಡಿಂಗ್ ಬರೆಯಿರಿ. ಜನವರಿಯಲ್ಲಿ ತೋಡು ನಿಂತಾಗ ಆ ಪುಸ್ತಕ ತೆಗೆದುಕೊಂಡು ಬನ್ನಿ, ನಿಮ್ಮ ಮನೆಗೆ ಎಷ್ಟು ಇಂಚಿನ ಪೈಪು, ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ ಎಂದು ಒಟ್ಟಿಗೆ ಕುಳಿತು ಲೆಕ್ಕ ಹಾಕೋಣ.